ದಂಟು ಕೆನೆಯಾಗಲಿ, ಹೂ ಹಸಿರಾಗಿರಲಿ: ಬ್ರೊಕೊಲಿಯ ಹಗುರ ಅಡುಗೆ

ನಾನು ಮೊದಲ ಸಲ ಮಾಡಿದ ಬ್ರೊಕೊಲಿ ಸೂಪಿನ ಬಣ್ಣ ಖಾಕಿ. ಇಡೀ ಬ್ರೊಕೊಲಿಯನ್ನು ದಂಟು, ಹೂ ಅಂತ ನೋಡದೆ ಕೊಚ್ಚಿ, ಒಂದೇ ಪಾತ್ರೆಗೆ ಸುರಿದು, ಮುಚ್ಚಳ ಮುಚ್ಚಿ 25 ನಿಮಿಷ ಕುದಿಸಿದ್ದೆ. ಅಡುಗೆಮನೆ ತುಂಬಾ ಬೆಂದ ಕೋಸಿನ ನಾತ. ಅದನ್ನು ಮುಚ್ಚಿಹಾಕೋಕೆ 200 ಮಿ.ಲೀ. ಕ್ರೀಮ್ ಸುರಿದೆ. ಸಾಲದು ಅಂತ ಎರಡು ಹಿಡಿ ಚೀಸ್ ಬೇರೆ ತುರಿದು ಹಾಕಿದೆ. ಅರ್ಧ ಬಟ್ಟಲು ಕುಡಿಯುವಷ್ಟರಲ್ಲಿ ಹೊಟ್ಟೆ ಭಾರ. ಬಾಯಲ್ಲಿ ಕ್ರೀಮ್ ಬಿಟ್ಟರೆ ಇನ್ಯಾವ ರುಚಿಯೂ ಇಲ್ಲ.

ತಪ್ಪು ಬೇಯಿಸಿದ್ದರಲ್ಲಿತ್ತು. ಕ್ರೀಮ್ ಸುಮ್ನೆ ಅದರ ಮೇಲೆ ಮುಸುಕು ಹೊದಿಸಿತ್ತು. ಆಮೇಲೆ ಹತ್ತಾರು ಸಲ ಮಾಡಿ ಕೆಡಿಸಿ ಕಲಿತದ್ದು ಇಷ್ಟು: ಒಂದು ಬ್ರೊಕೊಲಿಯಲ್ಲಿ ಎರಡು ತರಕಾರಿ ಇದೆ ಅಂದುಕೊಳ್ಳಬೇಕು. ದಂಟು ಒಂದು, ಹೂ ಇನ್ನೊಂದು. ದಂಟು ಮೆತ್ತಗೆ ಬೆಂದು ನುಣ್ಣಗಾದರೆ ಅದೇ ಕೆನೆಯ ಕೆಲಸ ಮಾಡುತ್ತದೆ. ಹೂವಿಗೆ ಕೆಲವೇ ನಿಮಿಷ ಸಾಕು. ಇವೆರಡನ್ನೂ ಬೇರೆ ಮಾಡಿದರೆ ಅರ್ಧ ಕ್ರೀಮ್ ತಾನಾಗಿಯೇ ಬೇಡವಾಗುತ್ತದೆ.

ಕ್ರೀಮ್ ಮಾಡುವ ಕೆಲಸ ಏನು?

ಅಡುಗೆಯ ದಪ್ಪ ಕ್ರೀಮಿನಲ್ಲಿ ಸುಮಾರು ಶೇ 35ರಷ್ಟು ಕೊಬ್ಬು ಇರುತ್ತದೆ. 200 ಮಿ.ಲೀ. ಹಾಕಿದರೆ 70 ಗ್ರಾಂ ಕೊಬ್ಬು ಹಾಕಿದ ಹಾಗೆ. ಅಷ್ಟೇ ಪ್ರಮಾಣದ ಕೆನೆ ತೆಗೆಯದ ಹಾಲಿನಲ್ಲಿ ಇರುವುದು ಸುಮಾರು 7 ಗ್ರಾಂ. ಹತ್ತರಲ್ಲಿ ಒಂದು ಪಾಲು. ಹಾಗಾದರೆ ಕ್ರೀಮ್ ಬದಲು ಹಾಲು ಹಾಕಿಬಿಡೋಣ ಅನ್ನಿಸುತ್ತದೆ, ಅಲ್ವಾ? ಹಾಕಿ ನೋಡಿ, ಸೂಪ್ ನೀರು ನೀರಾಗುತ್ತದೆ.

ಯಾಕೆಂದರೆ ಕ್ರೀಮ್ ಮೂರು ಕೆಲಸ ಒಟ್ಟಿಗೆ ಮಾಡುತ್ತದೆ. ಅಡುಗೆಯನ್ನು ಮಂದ ಮಾಡುತ್ತದೆ. ನಾಲಿಗೆಯ ಮೇಲೆ ನುಣುಪಾಗಿ ಹರಡುತ್ತದೆ. ಕಹಿ, ಖಾರ, ಹುಳಿಯ ಮೊನೆ ಮುರಿಯುತ್ತದೆ. ಮಂದ ಮಾಡೋಕೆ ಕೊಬ್ಬೇ ಬೇಕು ಅಂತೇನಿಲ್ಲ. ಬೆಂದ ದಂಟು, ಆಲೂಗಡ್ಡೆ, ಸ್ವಲ್ಪ ಮೈದಾ, ಬೇಯಿಸಿದ ಬಿಳಿ ಬೀನ್ಸ್, ಯಾವುದಾದರೂ ಆಗುತ್ತದೆ. ಕಹಿಯ ಮೊನೆ ಮುರಿಯೋಕೆ ಸರಿಯಾದ ಉಪ್ಪು, ಮೆಲ್ಲಗೆ ಬೆಂದು ಸಿಹಿಯಾದ ಈರುಳ್ಳಿ ಸಾಕು. ನುಣುಪಿಗೆ ಮಾತ್ರ ಸ್ವಲ್ಪ ಕೊಬ್ಬು ಬೇಕೇ ಬೇಕು. ಅದನ್ನು ಮೊದಲೇ ಪಾತ್ರೆಗೆ ಸುರಿದು ಕಳೆದುಕೊಳ್ಳಬೇಡಿ. ಕೊನೆಗೆ ಹಾಕಿ. ಬಟ್ಟಲಿನ ಮೇಲೆ ತೇಲುವ ಒಂದು ಚಮಚ ಕ್ರೀಮ್ ನಾಲಿಗೆಗೆ ಮೊದಲು ತಾಗುತ್ತದೆ. ಒಳಗೆ ಕರಗಿಹೋದ ಅರ್ಧ ಕಪ್ ಹಾಗೆ ತಾಗೋದಿಲ್ಲ.

ಒಂದು ಮಾತು. ಇಲ್ಲಿ ಹಗುರ ಅಂದರೆ ಕೊಬ್ಬೇ ಇಲ್ಲದ್ದು ಅಂತಲ್ಲ. ಪೂರ್ತಿ ಕೊಬ್ಬು ತೆಗೆದು ಮಾಡಿದ ಬಿಳಿ ಸಾಸ್ ಒಂದು ಸಲ ತಿಂದವರು ಎರಡನೇ ಸಲ ಮಾಡೋದಿಲ್ಲ.

ಆರಿಸೋದು, ತೊಳೆಯೋದು

ಬ್ರೊಕೊಲಿಯಲ್ಲಿ ನಾವು ತಿನ್ನುವುದು ಅರಳದ ಮೊಗ್ಗು. ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲ ಇದರ ಒಡಹುಟ್ಟುಗಳೇ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅವೆಲ್ಲ ಒಂದೇ ಜಾತಿ. ಮೊಗ್ಗು ಒತ್ತೊತ್ತಾಗಿ, ಗಾಢ ಹಸಿರಾಗಿ ಇರಬೇಕು. ಹಳದಿ ಕಂಡರೆ ಅರಳೋಕೆ ಹೊರಟಿದೆ ಅಂತ ಅರ್ಥ. ಅಂಥದ್ದರಲ್ಲಿ ಕಹಿ ಮತ್ತು ವಾಸನೆ ಜಾಸ್ತಿ. ದಂಟಿನ ಬುಡ ಒಣಗಿ ಬಿರಿದಿದ್ದರೆ ಅದನ್ನೂ ಬಿಡಿ.

ತಂದ ಕೂಡಲೇ ತೊಳೆದು ಇಡಬೇಡಿ, ಒದ್ದೆಯಾಗಿದ್ದರೆ ಬೇಗ ಕೊಳೆಯುತ್ತದೆ. ಸಡಿಲವಾದ ಚೀಲದಲ್ಲಿ ಫ್ರಿಜ್ಜಿನಲ್ಲಿಡಿ. ಸೇಬು, ಬಾಳೆಹಣ್ಣಿನ ಪಕ್ಕ ಬೇಡ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ತಾಗಿದರೆ ಹೂ ಬೇಗ ಹಳದಿಯಾಗುತ್ತದೆ. ಅಡುಗೆಗೆ ಮುಂಚೆ ಉಪ್ಪು ಹಾಕಿದ ತಣ್ಣೀರಿನಲ್ಲಿ ತಲೆಕೆಳಗಾಗಿ ಹತ್ತು ನಿಮಿಷ ಮುಳುಗಿಸಿಡಿ. ಮೊಗ್ಗಿನ ಸಂದಿಯಲ್ಲಿ ಹುಳ ಇದ್ದರೆ ಹೊರಗೆ ಬರುತ್ತದೆ. ಆಮೇಲೆ ಚೆನ್ನಾಗಿ ಕೊಡವಿ, ಬಟ್ಟೆಯ ಮೇಲೆ ಆರಲು ಬಿಡಿ.

ದಂಟನ್ನು ಬಿಸಾಡಬೇಡಿ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ದಂಟಿನ ಬುಡವನ್ನು ಒಂದು ಬೆರಳಿನ ಅಗಲದಷ್ಟು ಕತ್ತರಿಸಿ ತೆಗೆಯಿರಿ. ಈಗ ಕತ್ತರಿಸಿದ ಮುಖ ನೋಡಿ. ಹೊರಗೆ ಗಟ್ಟಿ ಹಸಿರು ಸಿಪ್ಪೆ. ಅದರ ಒಳಗೆ ಬೆಳ್ಳಗಿನ ತೆಳು ಉಂಗುರ. ನಡುವೆ ತಿಳಿ ಹಸಿರಿನ, ಬೆಳಕು ಹಾಯುವಂಥ ತಿರುಳು. ಆ ಬಿಳಿ ಉಂಗುರವೇ ನಾರು. ಸಿಪ್ಪೆ ಮಾತ್ರ ಹೆರೆದು ಉಂಗುರ ಬಿಟ್ಟರೆ ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಗುತ್ತದೆ. ಮಿಕ್ಸಿಯಲ್ಲೂ ಎಳೆ ಎಳೆಯಾಗಿ ಉಳಿದುಬಿಡುತ್ತದೆ. ದಂಟು ಚೆನ್ನಾಗಿರೋದಿಲ್ಲ ಅನ್ನುವವರು ಈ ಉಂಗುರವನ್ನೇ ತಿಂದಿರುತ್ತಾರೆ.

ಸಿಪ್ಪೆ ತೆಗೆಯೋಕೆ ಪೀಲರ್‌ಗಿಂತ ಸಣ್ಣ ಚಾಕು ವಾಸಿ. ಚಾಕುವಿನ ತುದಿಯನ್ನು ಬುಡದ ಕಡೆಯಿಂದ ಆ ಉಂಗುರದ ಒಳಗಂಚಿಗೆ ಸಿಕ್ಕಿಸಿ. ಸಿಪ್ಪೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೂವಿನ ಕಡೆಗೆ ಎಳೆಯಿರಿ. ನಾರಿನ ಸಮೇತ ಪಟ್ಟಿ ಪಟ್ಟಿಯಾಗಿ ಬಿಟ್ಟುಬರುತ್ತದೆ. ಉಳಿದ ತಿರುಳಿನ ಒಂದು ಚೂರು ಹಸಿಯಾಗಿ ಬಾಯಿಗೆ ಹಾಕಿಕೊಳ್ಳಿ. ಗರಿಗರಿ, ಚೂರು ಸಿಹಿ. ಇಷ್ಟು ದಿನ ಇದನ್ನು ಕಸಕ್ಕೆ ಹಾಕುತ್ತಿದ್ದೆವಲ್ಲ ಅನ್ನಿಸದೆ ಇರದು.

ಹೂ ಬಿಡಿಸುವಾಗ ಮೊಗ್ಗಿನ ಮೇಲೆ ಚಾಕು ಆಡಿಸಬೇಡಿ. ಹಸಿರು ಪುಡಿ ಹಲಗೆ ತುಂಬಾ ಉದುರುತ್ತದೆ. ತೊಟ್ಟನ್ನು ಮಾತ್ರ ಚಾಕುವಿನಲ್ಲಿ ಸೀಳಿ, ಮೇಲಿನದನ್ನು ಕೈಯಲ್ಲೇ ಬಿಡಿಸಿ. ಎಳೆ ಎಲೆಗಳಿದ್ದರೆ ಅವನ್ನೂ ಇಟ್ಟುಕೊಳ್ಳಿ, ಸೂಪಿಗೆ ಆಗುತ್ತದೆ.

ಹಸಿರು ಉಳಿಸೋದು ಹೇಗೆ

ಹಸಿರು ಬಣ್ಣ ಕೊಡುವ ಕ್ಲೋರೊಫಿಲ್ ಅಣುವಿನ ನಡುವೆ ಮೆಗ್ನೀಸಿಯಂ ಕೂತಿರುತ್ತದೆ. ಬಿಸಿ ತಾಗಿ ತರಕಾರಿಯ ಜೀವಕೋಶ ಒಡೆದಾಗ ಒಳಗಿನ ಆಮ್ಲ ಹೊರಬರುತ್ತದೆ. ಅದು ಮೆಗ್ನೀಸಿಯಂ ಅನ್ನು ಎಬ್ಬಿಸಿ ಕಳಿಸುತ್ತದೆ. ಖಾಲಿಯಾದ ಅಣುವಿನ ಬಣ್ಣವೇ ಆ ಖಾಕಿ. ಇದು ಒಮ್ಮೆಲೇ ಆಗುವುದಿಲ್ಲ. ಮೊದಲ ಕೆಲವು ನಿಮಿಷ ಹೂ ಇನ್ನೂ ಕಡು ಹಸಿರಾಗುತ್ತದೆ. ಏಳೆಂಟು ನಿಮಿಷ ದಾಟಿದರೆ ಇಳಿಯತೊಡಗುತ್ತದೆ. ವಾಸನೆಯದೂ ಇದೇ ಕತೆ. ಹೊತ್ತು ಹೆಚ್ಚಿದಷ್ಟೂ ಗಂಧಕದ ವಾಸನೆ ಹೆಚ್ಚು.

ನೀರಿನಲ್ಲಿ ಬೇಯಿಸುವುದಾದರೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿ ಬರಲಿ, ಉಪ್ಪು ಹಾಕಿ, ಹೂ ಹಾಕಿ. ಮುಚ್ಚಳ ಬೇಡ. ತೆರೆದಿದ್ದರೆ ಆಮ್ಲದ ಸ್ವಲ್ಪ ಪಾಲು ಹಬೆಯಲ್ಲಿ ಹೋಗುತ್ತದೆ. ಎರಡು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿ, ಬಸಿಯಿರಿ. ಹಬೆಯಲ್ಲಾದರೆ ನಾಲ್ಕೈದು ನಿಮಿಷ. ಮೈಕ್ರೋವೇವ್ ಇದ್ದರೆ ಎರಡು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿ, ಎರಡು ಮೂರು ನಿಮಿಷ. ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು. ಹಾಗಾಗಿ ಹಬೆ ಮತ್ತು ಮೈಕ್ರೋವೇವಿನಲ್ಲಿ ಅದು ಹೆಚ್ಚು ಉಳಿಯುತ್ತದೆ. ಹಸಿ ಬ್ರೊಕೊಲಿಯ 100 ಗ್ರಾಂನಲ್ಲಿ ಸುಮಾರು 89 ಮಿ.ಗ್ರಾಂ ಇರುತ್ತದೆ, ಕಡಿಮೆಯೇನಲ್ಲ.

ಹಸಿರಾಗಿರಲಿ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ. ಬಣ್ಣ ನಿಲ್ಲುತ್ತದೆ ನಿಜ. ಆದರೆ ಹೂ ಲೊಳೆಯಾಗುತ್ತದೆ, ವಿಟಮಿನ್ನೂ ಹಾಳು. ಬೇಡ.

ನನ್ನ ಇಷ್ಟದ ವಿಧಾನ ಮಾತ್ರ ಓವನ್. 220 ಡಿಗ್ರಿಗೆ ಬಿಸಿ ಮಾಡಿ. ಒರೆಸಿ ಒಣಗಿಸಿದ ಹೂವಿಗೆ ಒಂದು ಚಮಚ ಎಣ್ಣೆ, ಉಪ್ಪು ಸವರಿ ಟ್ರೇ ಮೇಲೆ ಹರಡಿ. ಒಂದಕ್ಕೊಂದು ತಾಗಬಾರದು. ತಾಗಿದರೆ ಹುರಿಯುವ ಬದಲು ಬೇಯುತ್ತದೆ. 15ರಿಂದ 20 ನಿಮಿಷದಲ್ಲಿ ಅಂಚು ಕಂದಾಗಿ ಕರುಮ್ ಅನ್ನುತ್ತದೆ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಜೋರು ಉರಿ ಇಟ್ಟು, ಕತ್ತರಿಸಿದ ಮುಖ ಕೆಳಗೆ ಮಾಡಿ, ಅಲ್ಲಾಡಿಸದೆ ಮೂರು ನಿಮಿಷ ಬಿಡಿ.

ಬ್ರೊಕೊಲಿ ಕಹಿ ಅಂತ ಮುಖ ತಿರುಗಿಸುವವರಿಗೂ ಹೀಗೆ ಹುರಿದದ್ದನ್ನೇ ಕೊಡಿ. ಕಹಿ ಗುರುತಿಸುವ ಶಕ್ತಿ ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ, ಅದು ಬರೀ ಹಟ ಅಲ್ಲ. 1990ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್, ಚಿಕ್ಕಂದಿನಲ್ಲಿ ಅಮ್ಮ ಬಲವಂತವಾಗಿ ತಿನ್ನಿಸುತ್ತಿದ್ದರು, ಈಗ ತಾನು ಅಧ್ಯಕ್ಷ, ಇನ್ನು ಬ್ರೊಕೊಲಿ ಮುಟ್ಟುವುದಿಲ್ಲ ಅಂತ ಪತ್ರಕರ್ತರ ಎದುರೇ ಹೇಳಿಬಿಟ್ಟಿದ್ದರು. ಬೆಳೆಗಾರರು ಸುಮ್ಮನಿರಲಿಲ್ಲ, ಲಾರಿಗಟ್ಟಲೆ ಬ್ರೊಕೊಲಿ ವಾಷಿಂಗ್ಟನ್‌ಗೆ ಕಳಿಸಿದರು. ಪಾಪ, ಅವರಿಗೆ ಅಮ್ಮ ತಿನ್ನಿಸಿದ್ದು ಯಾವ ಹದದ್ದೋ.

ಸೂಪ್: ಕ್ರೀಮ್ ಇಲ್ಲದೆ ಕೆನೆಯಂಥದ್ದು

ನಾಲ್ಕು ಜನಕ್ಕೆ ಬೇಕಾದದ್ದು: ಸುಮಾರು 500 ಗ್ರಾಂನ ಒಂದು ದೊಡ್ಡ ಬ್ರೊಕೊಲಿ, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, 100 ಗ್ರಾಂನಷ್ಟು ಆಲೂಗಡ್ಡೆ, ಒಂದು ದೊಡ್ಡ ಚಮಚ ಎಣ್ಣೆ ಅಥವಾ ಬೆಣ್ಣೆ, 700 ಮಿ.ಲೀ. ನೀರು, 200 ಮಿ.ಲೀ. ಹಾಲು, 30 ಗ್ರಾಂ ಹಳೆಯ, ಗಾಢ ರುಚಿಯ ಚೆಡ್ಡಾರ್ ಅಥವಾ ಪಾರ್ಮೆಸಾನ್ ಚೀಸ್, ಅರ್ಧ ಚಮಚ ಸಾಸಿವೆ ಪುಡಿ, ಉಪ್ಪು, ಕಾಳುಮೆಣಸು, ಚಿಟಿಕೆ ಜಾಯಿಕಾಯಿ.

1. ಮೊದಲು ಬ್ರೊಕೊಲಿಯನ್ನು ಮೂರು ಪಾಲು ಮಾಡಿಕೊಳ್ಳಿ. ಸುಲಿದ ದಂಟನ್ನು ಅರ್ಧ ಸೆಂ.ಮೀ. ಬಿಲ್ಲೆಗಳಾಗಿ ಕತ್ತರಿಸಿ, ಅದು ಒಂದು ಪಾಲು. ಹೂವಿನಲ್ಲಿ ಚಿಕ್ಕ ಚಿಕ್ಕದು ಆರಿಸಿ ಎರಡು ಹಿಡಿಯಷ್ಟು ಪಕ್ಕಕ್ಕಿಡಿ, ಅದು ಮೇಲೆ ಹಾಕೋಕೆ. ಉಳಿದ ಹೂ ಮೂರನೆಯದು.

2. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಹೆಚ್ಚಿದ ಈರುಳ್ಳಿ, ಚಿಟಿಕೆ ಉಪ್ಪು. ಸಣ್ಣ ಉರಿ, ಮುಚ್ಚಳ ಮುಚ್ಚಿ, ಎಂಟು ಹತ್ತು ನಿಮಿಷ. ನಡುನಡುವೆ ಕೈಯಾಡಿಸಿ. ಕೆಂಪಾಗಬಾರದು. ಈರುಳ್ಳಿ ಗಾಜಿನಂತಾಗಿ, ಬೆರಳಲ್ಲಿ ಒತ್ತಿದರೆ ನುರಿಯಬೇಕು. ಈ ಹತ್ತು ನಿಮಿಷ ಉಳಿಸೋಕೆ ಹೋಗಬೇಡಿ. ಕ್ರೀಮ್ ಕೊಡುತ್ತಿದ್ದ ಸಿಹಿ ಈಗ ಇಲ್ಲಿಂದಲೇ ಬರಬೇಕು. ಕೊನೆಗೆ ಬೆಳ್ಳುಳ್ಳಿ ಹಾಕಿ ಒಂದು ನಿಮಿಷ ತಿರುವಿ.

3. ದಂಟು, ಸಣ್ಣಗೆ ಹೆಚ್ಚಿದ ಆಲೂಗಡ್ಡೆ, ನೀರು, ಉಪ್ಪು ಹಾಕಿ 15 ನಿಮಿಷ ಕುದಿಸಿ. ಚಾಕು ಚುಚ್ಚಿದರೆ ದಂಟು ತಡೆಯದೆ ಬಿಟ್ಟುಕೊಡಬೇಕು. ಚೂರು ಗಟ್ಟಿ ಅನ್ನಿಸಿದರೂ ಇನ್ನೈದು ನಿಮಿಷ ಬಿಡಿ.

4. ಅದು ಬೇಯುವಾಗ ಪಕ್ಕಕ್ಕಿಟ್ಟ ಚಿಕ್ಕ ಹೂವನ್ನು ಮೇಲೆ ಹೇಳಿದಂತೆ ಹುರಿದುಕೊಳ್ಳಿ.

5. ಉಳಿದ ಹೂ, ಎಲೆ ಈಗ ಪಾತ್ರೆಗೆ. ಮುಚ್ಚಳ ತೆಗೆದಿಟ್ಟು ನಾಲ್ಕೇ ನಿಮಿಷ. ಉರಿ ಆರಿಸಿ.

6. ಹ್ಯಾಂಡ್ ಬ್ಲೆಂಡರ್ ಇದ್ದರೆ ಪಾತ್ರೆಯಲ್ಲೇ ರುಬ್ಬಿ. ಮಿಕ್ಸಿಯಾದರೆ ಎಚ್ಚರಿಕೆ. ಬಿಸಿ ಸೂಪಿನ ಹಬೆ ಜಾರಿನೊಳಗೆ ಉಬ್ಬಿ ಮುಚ್ಚಳ ಹಾರಿಸುತ್ತದೆ. ನನ್ನ ಅಡುಗೆಮನೆಯ ಗೋಡೆ ಒಂದು ಸಲ ಹಸಿರಾಗಿದೆ, ಮುಂಗೈ ಸುಟ್ಟದ್ದು ಬೇರೆ. ಸ್ವಲ್ಪ ಆರಲು ಬಿಡಿ, ಜಾರ್ ಅರ್ಧ ಮಾತ್ರ ತುಂಬಿಸಿ. ಮುಚ್ಚಳದ ನಡುವಿನ ಚಿಕ್ಕ ಬಿರಡೆ ತೆಗೆದು, ಮೇಲೆ ಮಡಿಸಿದ ಬಟ್ಟೆ ಹಿಡಿದು, ನಿಧಾನದ ವೇಗದಲ್ಲಿ ಶುರು ಮಾಡಿ. ನುಣ್ಣಗಾದ ಕೂಡಲೇ ನಿಲ್ಲಿಸಿ. ಆಲೂಗಡ್ಡೆಯನ್ನು ಜಾಸ್ತಿ ರುಬ್ಬಿದರೆ ಪಿಷ್ಟ ಬಿಟ್ಟು ಅಂಟಂಟಾಗುತ್ತದೆ.

7. ಮತ್ತೆ ಪಾತ್ರೆಗೆ ಹಾಕಿ, ಹಾಲು ಸೇರಿಸಿ, ಬಿಸಿ ಮಾಡಿ. ಕುದಿಸಬೇಡಿ. ಉರಿ ಆರಿಸಿ ಚೀಸ್, ಸಾಸಿವೆ ಪುಡಿ, ಜಾಯಿಕಾಯಿ, ಮೆಣಸು ಹಾಕಿ ಕದಡಿ. ಈಗ ಉಪ್ಪು ನೋಡಿ. ಸಪ್ಪೆ ಅನ್ನಿಸಿದರೆ ಕೈ ಚೀಸಿನ ಕಡೆ ಹೋಗುತ್ತದೆ, ಆದರೆ ಹೆಚ್ಚಿನ ಸಲ ಬೇಕಿರುವುದು ಎರಡು ಚಿಟಿಕೆ ಉಪ್ಪು ಅಷ್ಟೇ.

8. ಬಟ್ಟಲಿಗೆ ಹಾಕಿ, ಹುರಿದ ಹೂ ಮೇಲಿಡಿ. ಬೇಕಿದ್ದರೆ ಒಂದು ಚಮಚ ಕ್ರೀಮ್ ಮೇಲೆ. ನಿಂಬೆರಸ ಇಷ್ಟವಿದ್ದರೆ ನಾಲ್ಕು ಹನಿ ಬಟ್ಟಲಿಗೇ ಹಿಂಡಿ. ಪಾತ್ರೆಗೆ ಹಿಂಡಿದರೆ ಹುಳಿ ತಾಗಿ ಇಡೀ ಸೂಪಿನ ಬಣ್ಣ ಇಳಿಯುತ್ತದೆ.

ಸಾಸಿವೆ ಪುಡಿ ಯಾಕೆ ಅಂತ ಕೇಳಬಹುದು. ಚೀಸಿನ ರುಚಿ ಎತ್ತಿಕೊಡುತ್ತದೆ, ಕಡಿಮೆ ಚೀಸಿನಲ್ಲೇ ಜಾಸ್ತಿ ಹಾಕಿದಂತೆ ಕಾಣಿಸುತ್ತದೆ. ಇನ್ನೊಂದು ಕಾರಣವೂ ಇದೆ. ಹಸಿ ಬ್ರೊಕೊಲಿಯನ್ನು ಹೆಚ್ಚಿದಾಗ ಮೈರೊಸಿನೇಸ್ ಅನ್ನುವ ಕಿಣ್ವ ಕೆಲಸ ಮಾಡಿ ಸಲ್ಫೊರಾಫೇನ್ ಅನ್ನುವ ಪದಾರ್ಥ ಹುಟ್ಟುತ್ತದೆ. ಬ್ರೊಕೊಲಿಯ ಒಳ್ಳೆಯ ಗುಣದ ಬಗ್ಗೆ ಮಾತಾಡುವವರು ಹೆಚ್ಚಾಗಿ ಹೇಳುವುದು ಇದನ್ನೇ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಸಾಸಿವೆಯಲ್ಲೂ ಅದೇ ಥರದ ಕಿಣ್ವ ಇರುವುದರಿಂದ ಕೊನೆಗೆ ಹಾಕಿದ ಹಸಿ ಸಾಸಿವೆ ಪುಡಿ ಆ ಕೊರತೆ ಸ್ವಲ್ಪ ತುಂಬುತ್ತದೆ. ಸೂಪ್ ತೀರಾ ಸುಡುತ್ತಿದ್ದರೆ ಸಾಸಿವೆಯ ಕಿಣ್ವಕ್ಕೂ ಅದೇ ಗತಿ, ಆದ್ದರಿಂದ ಬಟ್ಟಲಿನಲ್ಲಿ ಒಂದಿಷ್ಟು ಆರಿದ ಮೇಲೆ ಉದುರಿಸಿದರೆ ಇನ್ನೂ ಒಳ್ಳೆಯದು. ಇಲ್ಲವೇ ಬ್ರೊಕೊಲಿಯನ್ನು ಹೆಚ್ಚಿ ಮುಕ್ಕಾಲು ಗಂಟೆ ಸುಮ್ನೆ ಬಿಟ್ಟು ಆಮೇಲೆ ಬೇಯಿಸಿ.

ಬಿಳಿ ಸಾಸ್, ಪಾಸ್ತಾ

ಚೀಸ್ ಪಾಸ್ತಾದಲ್ಲಿ ನಾನು ಮಾಡುವ ಮುಖ್ಯ ಬದಲಾವಣೆ ಸಾಸಿನಲ್ಲಿಲ್ಲ, ಅಳತೆಯಲ್ಲಿದೆ. 200 ಗ್ರಾಂ ಪಾಸ್ತಾಗೆ 400 ಗ್ರಾಂ ಬ್ರೊಕೊಲಿ. ಸಾಮಾನ್ಯವಾಗಿ ಇದು ಉಲ್ಟಾ ಇರುತ್ತದೆ. ಮೂರು ನಾಲ್ಕು ಜನಕ್ಕೆ ಸಾಕು.

ಬಿಳಿ ಸಾಸಿನ ಹಳೇ ಕ್ರಮದಲ್ಲಿ ಬೆಣ್ಣೆ, ಮೈದಾ ಸಮ ತೂಕ. ಬೆಣ್ಣೆಯಲ್ಲಿ ಮೈದಾ ಹುರಿಯೋದು ಗಂಟು ಕಟ್ಟದಿರಲಿ ಅಂತ. ಆ ಕೆಲಸ ತಣ್ಣನೆಯ ಹಾಲೂ ಮಾಡುತ್ತದೆ. ಎರಡು ದೊಡ್ಡ ಚಮಚ ತುಂಬಿದ ಮೈದಾವನ್ನು 100 ಮಿ.ಲೀ. ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ. ಇನ್ನು 300 ಮಿ.ಲೀ. ಹಾಲು ಸೇರಿಸಿ, ಮಧ್ಯಮ ಉರಿಯಲ್ಲಿಡಿ. ಸೌಟು ತಳ ಮತ್ತು ಮೂಲೆ ಕೆರೆಯುತ್ತಲೇ ಇರಬೇಕು. ಐದಾರು ನಿಮಿಷ ಏನೂ ಆಗದಂತೆ ಕಾಣುತ್ತದೆ. ಫೋನ್ ನೋಡೋಕೆ ಹೋಗುವುದು ಇಲ್ಲೇ, ತಳ ಹಿಡಿಯುವುದೂ ಇಲ್ಲೇ. ಮೊದಲ ಗುಳ್ಳೆ ಬರುವ ಹೊತ್ತಿಗೆ ಒಮ್ಮೆಗೇ ಮಂದವಾಗುತ್ತದೆ. ಉರಿ ಸಣ್ಣ ಮಾಡಿ ಇನ್ನು ಮೂರು ನಾಲ್ಕು ನಿಮಿಷ, ಮೈದಾದ ಹಸಿ ವಾಸನೆ ಹೋಗುವ ತನಕ. ಸೌಟಿನ ಹಿಂಬದಿಯಲ್ಲಿ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದೆ ನಿಂತರೆ ಹದ ಸರಿ. ಈಗ ಒಂದು ಚಮಚ ಬೆಣ್ಣೆ ಹಾಕಿ. ಮೊದಲು ಹಾಕಿದ್ದರೆ ಎರಡು ಚಮಚ ಬೇಕಾಗುತ್ತಿತ್ತು, ಕೊನೆಗೆ ಹಾಕಿದ್ದರಿಂದ ಒಂದರಲ್ಲೇ ಪರಿಮಳ ಬರುತ್ತದೆ. ಗಂಟು ಬಂದರೆ ಗಾಬರಿ ಬೇಡ, ಸೋಸಿ.

ಚೀಸ್ ಹಾಕುವಾಗ ಉರಿ ಆರಿರಬೇಕು. ಕುದಿಯುವ ಸಾಸಿಗೆ ಚೀಸ್ ಹಾಕಿದರೆ ಅದರ ಪ್ರೋಟೀನ್ ಬಿಗಿದುಕೊಂಡು ಉಂಡೆಯಾಗುತ್ತದೆ, ಕೊಬ್ಬು ಎಣ್ಣೆಯಾಗಿ ಮೇಲೆ ತೇಲುತ್ತದೆ. ಇಳಿಸಿ, ಒಂದು ನಿಮಿಷ ಬಿಟ್ಟು, 60 ಗ್ರಾಂ ತುರಿದ ಚೀಸನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಇಷ್ಟು ಪಾಸ್ತಾಗೆ 150, 200 ಗ್ರಾಂ ಹಾಕುವುದುಂಟು. 60 ಸಾಕಾಗಬೇಕಾದರೆ ಹಳೆಯದಾದ, ಗಾಢ ರುಚಿಯ ಚೀಸ್ ಆಗಿರಬೇಕು. ಮೊಜರೆಲ್ಲಾ ನೂಲು ಎಳೆಯೋಕೆ ಚೆನ್ನ, ರುಚಿಗೆ ಸಪ್ಪೆ. ತುರಿದು ಪೊಟ್ಟಣ ಮಾಡಿದ್ದಕ್ಕಿಂತ ಗಟ್ಟಿ ತುಂಡು ತಂದು ನೀವೇ ತುರಿಯಿರಿ. ಪೊಟ್ಟಣದ ತುರಿಯಲ್ಲಿ ಅಂಟಿಕೊಳ್ಳದಿರಲಿ ಅಂತ ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ, ಸಾಸ್ ಮರಳು ಮರಳಾಗುವುದು ಅದರಿಂದ.

ಪಾಸ್ತಾ ಬೇಯಲು ಇನ್ನೆರಡು ನಿಮಿಷ ಇದೆ ಅನ್ನುವಾಗ ಅದೇ ನೀರಿಗೆ ಹೂ ಹಾಕಿ. ದಂಟಿನ ಚೂರುಗಳನ್ನು ಐದು ನಿಮಿಷ ಮುಂಚೆಯೇ ಹಾಕಿರಿ. ಬಸಿಯುವ ಮೊದಲು ಒಂದು ಕಪ್ ಪಾಸ್ತಾ ನೀರು ಎತ್ತಿಟ್ಟುಕೊಳ್ಳಲು ಮರೆಯಬೇಡಿ. ಎಲ್ಲ ಕಲಸಿದ ಮೇಲೆ ಸಾಸ್ ಗಟ್ಟಿ ಅನ್ನಿಸಿದರೆ ಹಾಲಿನ ಬದಲು ಈ ನೀರನ್ನೇ ಹಾಕಿ. ಇದರಲ್ಲಿ ಪಿಷ್ಟ ಇದೆ, ಕೊಬ್ಬು ಬೇರೆಯಾಗದಂತೆ ಹಿಡಿದಿಡುತ್ತದೆ.

ಕ್ರೀಮ್ ಪಾಸ್ತಾ ಅಂದ ಕೂಡಲೇ ಆಲ್ಫ್ರೆಡೊ ಹೆಸರು ಬರುತ್ತದೆ. ಅದು ರೋಮ್‌ನ ಆಲ್ಫ್ರೆಡೊ ಡಿ ಲೆಲಿಯೊ ಅನ್ನುವವರ ಹೋಟೆಲಿನಿಂದ ಬಂದದ್ದು. ತಮಾಷೆ ಏನೆಂದರೆ ಅವರ ಪಾಸ್ತಾದಲ್ಲಿ ಕ್ರೀಮ್ ಇರಲಿಲ್ಲ. ಬೆಣ್ಣೆ, ಪಾರ್ಮೆಸಾನ್, ಪಾಸ್ತಾದ ಬಿಸಿ, ಅಷ್ಟೇ. ಬೆಣ್ಣೆ ಧಾರಾಳವಾಗಿತ್ತು, ಹಾಗಾಗಿ ಅದು ಹಗುರವೇನಲ್ಲ. ಆದರೆ ನುಣುಪು ಬರಲು ಕ್ರೀಮ್ ಬೇಕಿಲ್ಲ ಅನ್ನೋದಕ್ಕೆ ಸಾಕ್ಷಿ ಬೇಕಿದ್ದರೆ ಅದು ಇಲ್ಲಿದೆ.

ಇನ್ನೂ ಹಗುರ ಮಾಡಬೇಕಾದರೆ 200 ಗ್ರಾಂ ಹೂಕೋಸನ್ನು ಮೆತ್ತಗೆ ಬೇಯಿಸಿ, ನೀರು ಬಸಿದು, ಅರ್ಧ ಕಪ್ ಹಾಲಿನೊಂದಿಗೆ ರುಬ್ಬಿ. ಬಿಳಿ ಸಾಸಿನ ಅರ್ಧ ಪಾಲಿಗೆ ಇದನ್ನು ಬದಲಿಸಬಹುದು. ಪೂರ್ತಿ ಬದಲಿಸಿದರೆ ಹೂಕೋಸಿನ ಸಾಸ್ ತಿಂದಂತಾಗುತ್ತದೆ, ಚೀಸ್ ಪಾಸ್ತಾ ಅನ್ನಿಸುವುದಿಲ್ಲ.

ಓವನ್ನಿನಲ್ಲಿ ಬೇಯಿಸುವುದಾದರೆ

ಇದೇ ಸಾಸ್, ಪಾಸ್ತಾ ಇಲ್ಲದೆ, ಬರೀ ಬ್ರೊಕೊಲಿಯ ಮೇಲೆ ಹಾಕಿ ಬೇಕ್ ಮಾಡಬಹುದು. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ನೀರು. ಎರಡು ನಿಮಿಷ ಬೇಯಿಸಿದ ಹೂವನ್ನು ಬಸಿದು, ಬಟ್ಟೆಯ ಮೇಲೆ ಮೊಗ್ಗು ಕೆಳಗಾಗಿ ಹತ್ತು ನಿಮಿಷ ಇಡಿ. ಮೊಗ್ಗಿನ ಒಳಗೆ ಸ್ಪಂಜಿನಂತೆ ನೀರು ನಿಂತಿರುತ್ತದೆ, ಬಟ್ಟೆ ಎತ್ತಿದಾಗ ನಿಮಗೇ ಕಾಣುತ್ತದೆ. ಸಾಸ್ ಕೊಂಚ ಗಟ್ಟಿಯಾಗಿರಲಿ. ಚೀಸನ್ನು ಒಳಗೆ ಬೆರೆಸದೆ ಮೇಲೆ ಮಾತ್ರ ಉದುರಿಸಿ. ಎರಡು ಹಿಡಿ ಬ್ರೆಡ್ ಪುಡಿಗೆ ಎರಡು ಸಣ್ಣ ಚಮಚ ಎಣ್ಣೆ ಕಲಸಿ ಅದನ್ನೂ ಹರಡಿ. 200 ಡಿಗ್ರಿಯಲ್ಲಿ 20 ನಿಮಿಷ.

ಮೊಸರು ಒಡೆಯದಂತೆ

ಕ್ರೀಮ್ ಬದಲು ಮೊಸರು ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಹೇಳುವವರು ಕಡಿಮೆ. ಕುದಿಯುವ ಸೂಪಿಗೆ ಮೊಸರು ಸುರಿದರೆ ಕಣ್ಣೆದುರೇ ಒಡೆದು ಬಿಳಿ ಚುಕ್ಕೆ ತೇಲುತ್ತವೆ. ನೀರು ಬಸಿದ ಗಟ್ಟಿ ಮೊಸರು ನಾಲ್ಕು ದೊಡ್ಡ ಚಮಚ ತೆಗೆದುಕೊಳ್ಳಿ, ಒಂದು ಸಣ್ಣ ಚಮಚ ಕಾರ್ನ್‌ಫ್ಲೋರ್ ಹಾಕಿ ನುಣ್ಣಗೆ ಕಡೆಯಿರಿ. ಅದಕ್ಕೆ ಒಂದು ಸೌಟು ಬಿಸಿ ಸೂಪ್ ಹಾಕಿ ಕಲಸಿ, ಇನ್ನೊಂದು ಸೌಟು ಹಾಕಿ. ಮೊಸರು ಬೆಚ್ಚಗಾದ ಮೇಲೆ ಅದನ್ನು ಪಾತ್ರೆಗೆ ಸುರಿದು, ಕುದಿ ಬರದಂತೆ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲಿ ಕೈಯಾಡಿಸಿ. ಮೊಸರು ಹುಳಿಯಾಗಿದ್ದರೆ ಬೇಡ.

ತಣ್ಣನೆಯ ಸಲಾಡಿಗಾದರೆ ಈ ತಾಪತ್ರಯವಿಲ್ಲ. ಮೇಯನೇಸ್ ಅರ್ಧ, ಗಟ್ಟಿ ಮೊಸರು ಅರ್ಧ, ಚೂರು ಸಾಸಿವೆ ಪುಡಿ, ಉಪ್ಪು. ಮೇಯನೇಸ್ ಪೂರ್ತಿ ಬಿಡಬೇಡಿ, ಬರೀ ಮೊಸರು ಹೊತ್ತು ಕಳೆದಂತೆ ನೀರು ಬಿಡುತ್ತದೆ.

ಹಗುರ ಅಂದುಕೊಂಡು ಮೋಸಹೋಗುವ ಕೆಲವು

ಗೋಡಂಬಿ ಅರೆದು ಹಾಕಿದರೆ ಹಾಲಿಲ್ಲದ ಕೆನೆ ಸಿಗುತ್ತದೆ, ಹಾಲು ಆಗದವರಿಗೆ ಒಳ್ಳೆಯದೇ. ಆದರೆ 100 ಗ್ರಾಂ ಗೋಡಂಬಿಯಲ್ಲಿ 550 ಕ್ಯಾಲರಿಗೂ ಜಾಸ್ತಿ. ಎಂಟು ಹತ್ತು ಬೀಜದಲ್ಲಿ ನಿಲ್ಲಿಸಿ. ಗಟ್ಟಿ ತೆಂಗಿನ ಹಾಲಿನದೂ ಇದೇ ಲೆಕ್ಕ. ಕೊಬ್ಬು ಕಡಿಮೆ ಮಾಡಿದ ಚೀಸ್ ಸರಿಯಾಗಿ ಕರಗುವುದಿಲ್ಲ, ರಬ್ಬರಿನಂತೆ ಎಳೆಯುತ್ತದೆ. ಅದರ ದುಪ್ಪಟ್ಟು ಹಾಕುವ ಬದಲು ಒಳ್ಳೆಯದನ್ನೇ ಅರ್ಧ ಹಾಕಿ. ಕೆನೆ ತೆಗೆದ ಹಾಲು ತೆಳ್ಳಗೆ ಅನ್ನಿಸಿದರೆ ಒಂದು ಕಪ್ ಹಾಲಿಗೆ ಎರಡು ಚಮಚ ಹಾಲಿನ ಪುಡಿ ಕದಡಿ. ಇದು ನಿಜವಾಗಿ ಕೆಲಸ ಮಾಡುತ್ತದೆ.

ಫ್ರೋಜನ್ ಬ್ರೊಕೊಲಿ, ಉಳಿದ ಸೂಪ್

ಫ್ರೋಜನ್ ಬ್ರೊಕೊಲಿ ಈಗಾಗಲೇ ಅರೆಬೆಂದಿರುತ್ತದೆ. ಸೂಪಿಗೆ ಧಾರಾಳವಾಗಿ ಬಳಸಿ, ನೇರವಾಗಿ ಕೊನೆಯ ಮೂರು ನಿಮಿಷಕ್ಕೆ ಹಾಕಿದರೆ ಸಾಕು. ಹುರಿಯುವುದಾದರೆ ಕರಗಿಸದೆಯೇ ಬಿಸಿ ಟ್ರೇ ಮೇಲೆ ಸುರಿಯಿರಿ.

ಸೂಪ್ ಮಾಡಿಟ್ಟುಕೊಳ್ಳುವುದಾದರೆ ಹಾಲು, ಚೀಸ್ ಹಾಕುವ ಮೊದಲೇ ಪಾಲು ತೆಗೆದು ಫ್ರೀಜರಿನಲ್ಲಿಡಿ. ಹಾಲು ಹಾಕಿದ್ದನ್ನು ಹೆಪ್ಪುಗಟ್ಟಿಸಿದರೆ ಕರಗಿದಾಗ ಒಡೆದಂತೆ ಕಾಣುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ, ಆದರೆ ಮರುದಿನ ಗಟ್ಟಿಯಾಗುತ್ತದೆ, ಸ್ವಲ್ಪ ನೀರು ಬೆರೆಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಬಣ್ಣ ಕೊಂಚ ಇಳಿದಿರುತ್ತದೆ. ಒಂದು ಹಿಡಿ ಪಾಲಕ್ ಸೊಪ್ಪನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, ರುಬ್ಬಿ ಬೆರೆಸಿದರೆ ಮತ್ತೆ ಹಸಿರಾಗುತ್ತದೆ. ಯಾರಿಗೂ ಗೊತ್ತಾಗಲ್ಲ.

ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಬ್ರೊಕೊಲಿ ತಿನ್ನುವ ಪ್ರಮಾಣವನ್ನು ಒಮ್ಮೆಲೇ ಏರಿಸುವ ಮುಂಚೆ ವೈದ್ಯರನ್ನು ಕೇಳಿ. ಇದರಲ್ಲಿ ವಿಟಮಿನ್ ಕೆ ಜಾಸ್ತಿ, ಮಾತ್ರೆಯ ಲೆಕ್ಕ ತಪ್ಪಬಹುದು.

ದಂಟು ಮಿಕ್ಕಿದರೆ ಕಡ್ಡಿಗಳಾಗಿ ಸೀಳಿ, ತಣ್ಣೀರಿನ ಡಬ್ಬಿಯಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಮೇಲೆ ಹೇಳಿದ ಮೊಸರು-ಮೇಯನೇಸಿನಲ್ಲಿ ಅದ್ದಿ ತಿನ್ನೋಕೆ ಚೆನ್ನಾಗಿರುತ್ತದೆ. ನಮ್ಮನೆಯಲ್ಲಿ ಅದು ಊಟದ ತನಕ ಉಳಿಯುವುದಿಲ್ಲ.